ಒಂದೇ ಚೌಕದ ಮಳೆ

ಬೆಳಿಗ್ಗೆ ಹತ್ತು ಗಂಟೆಗೆ ಮೋಡಣ್ಣ ಕುರ್ಚಿಯಿಂದೆದ್ದು ಕುಣಿದದ್ದೇ ಎಲ್ಲ ಅನಾಹುತಕ್ಕೂ ಮೂಲ. ಹವಾಮಾನ ಕಚೇರಿಯ ಈ ನೌಕರ ಮೇಲೆ ನೋಡದೆ ಹೆಜ್ಜೆ ಇಡುವವನಲ್ಲ, ಹಾಗಾಗಿ ಕೇರಿಯವರು ಆ ಹೆಸರಿಟ್ಟಿದ್ದರು. ಅವನ ಹೊಸ ಕಂಪ್ಯೂಟರ್ ಮಾದರಿ ಕರಾವಳಿಯನ್ನೆಲ್ಲ ಕಿಲೋಮೀಟರಿಗೊಂದು ಚೌಕದಂತೆ ಕತ್ತರಿಸಿ, ಯಾವ ಚೌಕದಲ್ಲಿ ಎಷ್ಟು ಗಂಟೆಗೆ ಗುಡುಗು ಎಂದು ಹೇಳುತ್ತಿತ್ತು. ಮೂರು ತಿಂಗಳಿಂದ ಹೇಳಿದ್ದೆಲ್ಲ ಹುಸಿ. ಇವತ್ತು ಮಾತ್ರ ಒಂದೇ ಒಂದು ಚೌಕ ಕೆಂಪಗಾಗಿತ್ತು. ಬಂದರು, ಕಚೇರಿ ಎರಡೂ ಇದ್ದ ಚೌಕ, ಸಂಜೆ ನಾಲ್ಕು ಗಂಟೆ.

ಕಚೇರಿಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಇದೇ ಕೊನೆ ಕಣಯ್ಯಾ. ಬಾಯಿಮಾತು ಬೇಡ, ನಮ್ಮ ಅಂಗಳದ ಮಳೆಮಾಪಕ ಹೇಳ್ಬೇಕು. ಐದು ಗಂಟೆಗೆ ಅದರಲ್ಲಿ ಇಪ್ಪತ್ತು ಮಿಲಿಮೀಟರ್ ಕಂಡ್ರೆ ನಿನ್ನ ಮಾದರಿ ಉಳೀತು. ಇಲ್ದಿದ್ರೆ ಅದು ಬಂದ್, ನೀನು ಹಳೇ ಕಡತದ ಕೋಣೆಗೆ."

ಮೋಡಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದರಿಗೆ ಓಡಿ ದೋಣಿಗಳನ್ನು ಕಟ್ಟಿಸಿದ. ಹೆಂಡತಿಗೆ ಫೋನು ಮಾಡಿ ಒಣಹಾಕಿದ್ದನ್ನೆಲ್ಲ ತೆಗೆಸಿದ. ನೆರೆಮನೆಯ ಮೇಷ್ಟ್ರ ಮುಂಬಾಗಿಲು ಕೆಂಪು ಚೌಕದಲ್ಲಿತ್ತು, ಹಿತ್ತಿಲು ಪಕ್ಕದ ಚೌಕದಲ್ಲಿತ್ತು. ಬಟ್ಟೆ ಎಲ್ಲಿ ಹರವಲಿ ಎಂದು ಅವರು ಮೂರು ಸಲ ಕೇಳಿದರು, ಇವನು ಮೂರು ಸಲವೂ ಹಿತ್ತಿಲಲ್ಲೇ ಎಂದ. ಕೊನೆಗೆ ಕಚೇರಿಯ ವಾಚ್‌ಮನ್‌ನನ್ನು ಕರೆದ.

"ಹೊರಗಿರೋ ಒಂದೇ ಒಂದು ಸಾಮಾನೂ ನೆನೀಬಾರ್ದು. ತಿಳೀತಾ?"

ವಾಚ್‌ಮನ್ ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸುವ ಆಸಾಮಿ. ತಲೆಯಾಡಿಸಿ, ಸೈಕಲ್ಲುಗಳಿಂದ ಶುರುಮಾಡಿದ.

ಮೂರೂವರೆಯಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟಿದ ದೋಣಿಗಳ ಪಕ್ಕ ಕೂತ ಮೀನುಗಾರರು ಮೋಡಣ್ಣನನ್ನು ಕಂಡು ಕೊಡೆ ಬಿಚ್ಚಿ ನಕ್ಕರು. ಬಂದರಿನ ಕಟ್ಟೆಗೆ ಬಂದು ನಿಂತ ಸಾಹೇಬರು ಕಡತದ ಕೋಣೆಯ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

ನಾಲ್ಕಕ್ಕೆ ಹತ್ತು ನಿಮಿಷ ಬಾಕಿ ಇರುವಾಗ ಕಡಲ ಮೇಲೆ ಮುಷ್ಟಿಯಷ್ಟು ಮೋಡ ಎದ್ದಿತು. ನೋಡನೋಡುತ್ತ ಬೆಟ್ಟವಾಯಿತು. ತಣ್ಣನೆ ಗಾಳಿ ಬೀಸಿತು. ನಾಲ್ಕು ಹೊಡೆದು ಎರಡು ನಿಮಿಷಕ್ಕೆ ಫಳಾರನೆ ಮಿಂಚಿ, ಆಕಾಶಕ್ಕೇ ತೂತು ಬಿದ್ದಂತೆ ಸುರಿಯಿತು. ನಕ್ಕವರ ಕೊಡೆಗಳು ಕಡಲಿಗೆ ಹಾರಿದವು. ಮೇಷ್ಟ್ರು ಫೋನಿನಲ್ಲಿ ಅರಚಿದರು: ಮುಂಬಾಗಿಲಲ್ಲಿ ಹೊಳೆ, ಹಿತ್ತಿಲಲ್ಲಿ ಬಿಸಿಲು! ಮೋಡಣ್ಣ ಮಳೆಯಲ್ಲೇ ಕುಣಿದ. ತೊಯ್ದು ತೊಪ್ಪೆಯಾಗಿದ್ದ ಸಾಹೇಬರೂ ತಡೆಯಲಾರದೆ ಅವನನ್ನು ತಬ್ಬಿಕೊಂಡರು.

ಐದಕ್ಕೆ ಸರಿಯಾಗಿ ಇಬ್ಬರೂ ದಾಖಲೆ ಪುಸ್ತಕ ಹಿಡಿದು ಅಂಗಳಕ್ಕೆ ಬಂದರು. ಕಬ್ಬಿಣದ ಸ್ಟ್ಯಾಂಡು ಬೋಳಾಗಿ ನಿಂತಿತ್ತು.

"ಮಳೆಮಾಪಕ ಎಲ್ಲಿ?" ಎಂದ ಮೋಡಣ್ಣ.

"ಮೂರೂವರೆಗೇ ಒಳಗೆ ಎತ್ತಿಟ್ಟೆ ಸಾರ್," ಎಂದು ವಾಚ್‌ಮನ್ ಹೆಮ್ಮೆಯಿಂದ ಅದನ್ನು ತಂದ. "ಒಂದು ಹನಿ ತಾಗೋಕೆ ಬಿಟ್ಟಿಲ್ಲ. ತಳದಲ್ಲಿ ಸ್ವಲ್ಪ ಪಸೆ ಇತ್ತು, ಅದನ್ನೂ ಒರೆಸಿದೀನಿ."

ಸಾಹೇಬರು ಅದರೊಳಗೆ ಇಣುಕಿದರು. ಆಮೇಲೆ ಪುಸ್ತಕ ತೆರೆದು, ದುಂಡಗೆ ಒಂದು ಸೊನ್ನೆ ಬರೆದರು. ಅವರ ತೋಳಿನಿಂದ ನೀರು ತೊಟ್ಟಿಕ್ಕಿ ಸೊನ್ನೆಯ ಶಾಯಿ ಹರಡಿತು.

"ಸಾರ್, ನೀವೇ ನೆಂದಿದ್ದೀರಲ್ಲ," ಎಂದ ಮೋಡಣ್ಣ, ಅಳುವ ದನಿಯಲ್ಲಿ.

"ನೆಂದಿದ್ದೀನಪ್ಪಾ, ಇಲ್ಲ ಅನ್ನಲ್ಲ. ಆದ್ರೆ ನಾನು ಮಳೆಮಾಪಕ ಅಲ್ವಲ್ಲ."

ಒದ್ದೆ ಜೇಬಿನಿಂದ ಕಡತದ ಕೋಣೆಯ ಬೀಗದಕೈ ತೆಗೆದು, ಚೆನ್ನಾಗಿ ಕೊಡವಿ, ಅವನ ಕೈಗಿಟ್ಟರು.