ಬಾಯಿ ಮುಚ್ಚಿ ಓದುವ ವಿದ್ಯೆ

"ಬಾಯಿ ತೆಗದು ಒದರೋದು ಓದಲ್ಲವ್ವ. ಓದಿದವರು ಬಾಯಿ ಮುಚ್ಚಿ ಓದತಾರ. ಅದು ನಿನ್ನ ಕೈಲೆ ಆಗಂಗಿಲ್ಲ ಬಿಡು" ಎಂದವರು ನನ್ನ ಭಾವ, ಅಂದರೆ ಗಂಡನ ಅಣ್ಣ. ಮೇಷ್ಟ್ರಾಗಿ ನಿವೃತ್ತರಾದವರು. ನಮ್ಮ ಗಿರಣಿಯ ಹಿಂದಿನ ಮನೆಯೇ ಅವರದು. ಗಿರಣಿ ನಡೆಸುವುದೂ ನನ್ನ ಕೈಲಿ ಆಗುವುದಿಲ್ಲ ಎಂದವರು ಅವರೇ. ಆದ್ದರಿಂದ ಈ ಮಾತನ್ನೂ ನಾನು ಸುಮ್ಮನೆ ಬಿಡುವವಳಲ್ಲ.

ಆಂಧ್ರದ ಗಡಿಯ ಕೌತಾಳಂನಲ್ಲಿ ನನ್ನದು ಹಿಟ್ಟಿನ ಗಿರಣಿ. ಶಾಲೆ ಐದನೆಯತನಕ, ಅದೂ ತೆಲುಗಿನಲ್ಲಿ. ಮನೆಮಾತು ಕನ್ನಡ, ಆದರೆ ಅದರ ಅಕ್ಷರ ಕಲಿತದ್ದು ಬಳ್ಳಾರಿ ಬಸ್ಸುಗಳ ಬೋರ್ಡು ನೋಡಿ, ಆಮೇಲೆ ಲಗ್ನಪತ್ರಿಕೆ ನೋಡಿ. ಗಿರಣಿಯ ಬೆಲ್ಟು ತರಲು ಬಳ್ಳಾರಿಗೆ ಹೋದಾಗಲೆಲ್ಲ ಒಂದು ಪುಸ್ತಕ ತರುತ್ತೇನೆ. ಇಂಥದ್ದೇ ಬೇಕು ಅಂತಿಲ್ಲ. ತೊಂದರೆ ಒಂದೇ. ಓದಿದ್ದು ಕಿವಿಗೆ ಬೀಳದಿದ್ದರೆ ನನಗೆ ಅರ್ಥವಾಗುವುದಿಲ್ಲ. ಗಿರಣಿ ಓಡುವಾಗ ಕಿವಿಗೆ ಬೀಳಬೇಕೆಂದರೆ ಕೂಗಿಯೇ ಓದಬೇಕು. ಕೂಗಿ ಓದುವವಳಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಪ್ರೇಮದ ಪುಸ್ತಕ

ಮೊದಲು ತಂದದ್ದು ಪ್ರೇಮದ ಕಾದಂಬರಿ. ಅದರ ಬಗ್ಗೆ ನನ್ನ ಅಭಿಪ್ರಾಯ: ಹುಡುಗಿ ಅಳುವುದು ಹೆಚ್ಚು, ಕೆಲಸ ಮಾಡುವುದು ಕಡಿಮೆ. ಆದರೂ ಬಿಡಲಾಗಲಿಲ್ಲ. ಹುಡುಗ ಊರು ಬಿಡುವ ಕಡೆ ಬಂದಾಗ ಗಿರಣಿ ಯಾರದೋ ಜೋಳ ಬೀಸುತ್ತಿತ್ತು. ನಾನು ಗಂಟಲು ಹರಿಯುವಂತೆ ಓದುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತಿತು, ನಾನು ನಿಲ್ಲಲಿಲ್ಲ.

"ನನ್ನನ್ನು ಬಿಟ್ಟು ಹೋಗಬೇಡ! ನೀನಿಲ್ಲದೆ ನಾನು ಬದುಕಲಾರೆ!"

ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಎದುರಿನ ಹೋಟೆಲಿನಿಂದ ನಮ್ಮ ಮನೆಯವರು ಗ್ಲಾಸು ಹಿಡಿದುಕೊಂಡೇ ಓಡಿ ಬಂದರು.

"ಎಲ್ಲಿ ಹೋಗೀನಿ ಮಾರಾಯ್ತಿ? ಇಲ್ಲೇ ಚಾ ಕುಡಿಯಾಕ ಹತ್ತಿದ್ದೆ!"

ಶ್ರೀಮಂತರಾಗುವ ಪುಸ್ತಕ

ಮುಂದಿನದು ಬದುಕಿನಲ್ಲಿ ಮೇಲೆ ಬರುವುದು ಹೇಗೆ ಎಂಬ ಪುಸ್ತಕ. ಬರೆದವರು ಸೂರ್ಯ ಹುಟ್ಟುವ ಮೊದಲೇ ಏಳಬೇಕು, ಕನ್ನಡಿ ಮುಂದೆ ನಿಂತು 'ನಾನು ಸಿಂಹ' ಎನ್ನಬೇಕು ಎನ್ನುತ್ತಾರೆ. ನಾನು ಸೂರ್ಯ ಹುಟ್ಟುವ ಮೊದಲೇ ಎದ್ದು, ಗಿರಣಿ ಕಸ ಹೊಡೆದು, ಹಿಟ್ಟು ಮೆತ್ತಿದ ಮುಖ ಕನ್ನಡಿಯಲ್ಲಿ ನೋಡಿಕೊಂಡವಳು. ಸಿಂಹ ಕಾಣಲಿಲ್ಲ, ಬಿಳಿ ಬೆಕ್ಕು ಕಂಡಿತು.

ಬೀಸಲು ಸಜ್ಜೆ ತಂದಿದ್ದ ಮುದುಕಿಯೊಬ್ಬಳು ಗಮನವಿಟ್ಟು ಕೇಳುತ್ತಿದ್ದಳು. 'ದಿನಾಲು ಒಂದು ತಾಸು ಏನೂ ಮಾಡದೆ ಕಣ್ಣು ಮುಚ್ಚಿ ಕೂಡಬೇಕು, ಸಂಪತ್ತು ತಾನಾಗಿ ಬರುತ್ತದೆ' ಎಂದು ಓದಿದಾಗ ತಡೆದಳು.

"ಏ ಯವ್ವಾ, ನಿಂದ್ರು. ನಮ್ಮ ಮುದುಕ ಲಗ್ನ ಆದಾಗಿಂದ ಅದನ್ನ ಮಾಡ್ಯಾನ. ಬಂದಿದ್ದು ನಾ ಒಬ್ಬಾಕೀನ."

ಕವಿತೆ

ಒಮ್ಮೆ ಕವನದ ಪುಸ್ತಕ ತಂದೆ. ಪುಟದ ತುಂಬ ಖಾಲಿ ಜಾಗ. ಮೊದಲ ಪುಟದಲ್ಲಿ ನಾಲ್ಕು ಸಾಲು, ಮುಗಿಯಿತು. ಓದಿ ಸುಮ್ಮನಾದೆ. ಬೀಸಿಸಲು ಬಂದಿದ್ದ ಹೆಂಗಸರು ಮುಂದಿನ ಸಾಲಿಗೆ ಕಾದರು. ಆದೋನಿ ಕಡೆಯಿಂದ ಹೊಸದಾಗಿ ಬಂದಿದ್ದ ತೆಲುಗಿನ ಸೊಸೆಯೊಬ್ಬಳು "ಅಂತೇನಾ?" ಅಂದಳು. ಇಷ್ಟೇನಾ ಎಂದು ಕೇಳಿದ್ದು.

"ಅಷ್ಟೇ."

"ಯಾಕಕ್ಕಾ? ಬರೆಯೋವಾಗ ಅವರಿಗೂ ಕರೆಂಟು ಹೋತೇನು?" ಎಂದಳು ಇನ್ನೊಬ್ಬಳು.

ನನಗೆ ಮಾತ್ರ ಆ ನಾಲ್ಕು ಸಾಲು ಇಷ್ಟವಾದವು. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ನಗೆಯ ಪುಸ್ತಕ

ಭಾವ ಬಾಯಿ ಮುಚ್ಚುವ ಮಾತು ಹೇಳಿದ್ದು ಇದಾದ ಮೇಲೆ. ನನಗೆ ಹಟ ಬಂತು. ಬಾಯಿ ತಾನಾಗಿ ಮುಚ್ಚದಿದ್ದರೆ ಮುಚ್ಚಿಸಬೇಕು ಎಂದು ಬಾಯಿ ತುಂಬ ನೀರು ತುಂಬಿಕೊಂಡು ಓದಲು ಕೂತೆ. ಒಂದೆರಡು ಪುಟ ಚೆನ್ನಾಗಿ ಹೋಯಿತು, ಅರ್ಥವೂ ಆಗತೊಡಗಿತು. ಆದರೆ ಆ ದಿನ ಕೈಯಲ್ಲಿದ್ದದ್ದು ನಗೆಯ ಪುಸ್ತಕ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರನೆಯ ಪುಟದಲ್ಲಿ ತಡೆಯಲಾಗಲಿಲ್ಲ. ಬಾಯಲ್ಲಿದ್ದ ನೀರೆಲ್ಲ ಮುಂದಿದ್ದ ಹಿಟ್ಟಿನ ಡಬ್ಬಿಗೆ ಬಿತ್ತು.

ಡಬ್ಬಿಯವಳು ಒಳಗೆ ಬಗ್ಗಿ ನೋಡಿದಳು.

"ಬೀಸಾಕ ಕೊಟ್ಟಿದ್ದೆ ಅಕ್ಕಾ. ಕಲಸಿಯೂ ಕೊಡ್ತೀಯಂತ ಗೊತ್ತಿರಲಿಲ್ಲ."

ಅವಳಿಗೆ ನಮ್ಮ ಮನೆಯ ಹಿಟ್ಟು ಕೊಟ್ಟು ಕಳಿಸಿದೆ. ನಗೆಯ ಪುಸ್ತಕ ಒಳ್ಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊಲೆಯ ಪುಸ್ತಕ

ಮೊನ್ನೆ ಮೊನ್ನೆಯದು ಪತ್ತೇದಾರಿ ಕಾದಂಬರಿ. ಊರ ಸಾಹುಕಾರ ಬಾಗಿಲು ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಅರ್ಧ ಪುಸ್ತಕವನ್ನು ಕೂಗಿಯೇ ಓದಿದ್ದೆ. ಹೆಂಗಸರು ಒಂದು ವಾರದ ಜೋಳವನ್ನು ದಿನಕ್ಕೊಂದಿಷ್ಟರಂತೆ ತರತೊಡಗಿದರು. "ಕೊಂದಾಕಿ ಸಣ್ಣ ಸೊಸೀನ, ಬರೆದಿಟ್ಕೋ" ಎಂದು ಅತ್ತೆಯರು, "ಅತ್ತೀದ ಕೆಲಸ" ಎಂದು ಸೊಸೆಯರು.

ಅಷ್ಟರಲ್ಲಿ ಒಂದು ದಿನ ನೀರಿಲ್ಲದೆ, ತುಟಿ ಅಲುಗದೆ, ಒಂದು ಇಡೀ ಪುಟ ನನಗೆ ಅರ್ಥವಾಗಿಬಿಟ್ಟಿತು. ಗೆದ್ದೆ! ಉಳಿದದ್ದೆಲ್ಲ ಬಾಯಿ ಮುಚ್ಚಿಯೇ ಓದುವುದೆಂದು ನಿಶ್ಚಯಿಸಿದೆ.

"ಮುಂದೇನಾತು?" ಅಂದರು ಹೆಂಗಸರು.

"ನಾ ಈಗ ಬಾಯಿ ಮುಚ್ಚಿ ಓದತೀನಿ."

"ನೀ ಬಾಯಿ ಮುಚ್ಚಿದರ ನಮ್ಮ ಜೋಳ ಯಾಕ ಇಲ್ಲಿ ಬರಬೇಕು?" ಎಂದು ಮುದುಕಿ ಚೀಲ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಉಳಿದವರೂ ಮುಂದಿನ ಓಣಿಯ ಗಿರಣಿಗೆ ಹೋದರು. ನಾನೂ ಕರೆಯಲಿಲ್ಲ. ಒಂದು ವಾರ ಗಿರಣಿ ಖಾಲಿ. ಖಾಲಿ ಗಿರಣಿಯಲ್ಲಿ ಪುಸ್ತಕ ಮುಗಿಸಿದೆ. ಕೊಂದವರು ಯಾರೆಂದು ಕೌತಾಳಂನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳೋಣವೆಂದರೆ ಯಾರೂ ಇರಲಿಲ್ಲ.

ಆಗ ಬಂದರು ಭಾವ, ಕೈಯಲ್ಲಿ ಡಬ್ಬಿ ಹಿಡಿದುಕೊಂಡು. "ಗೋದಿ ಐತಿ, ಬೀಸವ್ವ" ಅಂದರು. ಮುಚ್ಚಳ ತೆಗೆದು ನೋಡಿದೆ.

"ಭಾವಾ, ಇದು ಹಿಟ್ಟೇ ಐತಲ್ರಿ?"

"ಇನ್ನಾ ಸಣ್ಣಗ ಬೇಕು. ಹಾಕು." ಆಮೇಲೆ ಗೋಡೆಯ ಕಡೆ ನೋಡುತ್ತ ಕೇಳಿದರು. "ಆ ಸಾಹುಕಾರನ್ನ ಯಾರು ಕೊಂದರು?"

ಗೋಡೆಯ ಆಚೆ ಅವರ ಹಿತ್ತಲು. ಮೊದಲ ಪುಸ್ತಕದಿಂದಲೂ ಅಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರಂತೆ.

"ಓದಿದವರು ಬಾಯಿ ಮುಚ್ಚಿ ಓದತಾರ ಅಂದಿದ್ರಿ?"

"ಅಂದಿದ್ದೆ. ಅದು ಕೊಲಿ ಆಗೋದಕ್ಕಿಂತ ಮೊದಲು."

ಗಿರಣಿ ಹಾಕಿದೆ, ಪುಸ್ತಕ ತೆಗೆದೆ, ಕೂಗುವುದು ನಿಲ್ಲಿಸಿದ್ದ ಪುಟದಿಂದ ಮತ್ತೆ ಕೂಗಿ ಓದಿದೆ. ದನಿ ಮುಂದಿನ ಓಣಿಗೆ ಮುಟ್ಟಿರಬೇಕು. ಅರ್ಧ ಬೀಸಿದ ಜೋಳ ಹೊತ್ತುಕೊಂಡು ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ಸಂಜೆಯ ಹೊತ್ತಿಗೆ ಕೊನೆಯ ಪುಟ ಬಂತು. ಸಾಹುಕಾರನನ್ನು ಕೊಂದವನು ಅವನ ಮನೆಗೆ ಪಾಠ ಹೇಳಲು ಬರುತ್ತಿದ್ದ ಮೇಷ್ಟ್ರು.

ಹೆಂಗಸರೆಲ್ಲ ಒಟ್ಟಿಗೆ ಭಾವನ ಕಡೆ ತಿರುಗಿದರು.

ಭಾವ ಡಬ್ಬಿ ಎತ್ತಿಕೊಂಡರು. "ಪುಸ್ತಕ ಚಲೋ ಇಲ್ಲ" ಅಂದು ಹೊರಟೇಹೋದರು.

ಈಗ ನನ್ನ ಹತ್ತಿರ ಸ್ವಂತದ್ದೊಂದು ಗಿರಣಿ ಇದೆ. ಅದಕ್ಕೆ ತವರಿನವರು ಕೊಟ್ಟ ಚಿನ್ನದ ಬಳೆಗಳು ಹೋದವು. ಒಂದು ಬೀರು ತುಂಬ ಪುಸ್ತಕಗಳಿವೆ. ಅವುಗಳಿಗೆ ನನ್ನ ಗಂಟಲು ಹೋಯಿತು. ಬಾಯಿ ಮುಚ್ಚಿ ಓದುವ ವಿದ್ಯೆಯೂ ನನ್ನದೇ. ಅದಕ್ಕೆ ಒಂದು ವಾರದ ಗಿರಾಕಿಗಳು ಹೋದರು. ಆ ವಿದ್ಯೆಯನ್ನು ಈಗ ಬಳಸುವುದಿಲ್ಲ. ತುಟ್ಟಿ ಬೀಳುತ್ತದೆ.