ಅತ್ತೆ ಕೂತ ರೆಕ್ಕೆ

ಅತ್ತೆ ಕೂತದ್ದು ಸೋಫಾದ ಮೇಲೆ ಎಂದು ಅತ್ತೆಯ ವಾದ. ರೆಕ್ಕೆಯ ಮೇಲೆ ಎಂದು ಅಳಿಯನ ವಾದ. ವಿಜ್ಞಾನದ ದೃಷ್ಟಿಯಿಂದ ಇಬ್ಬರೂ ಸರಿ. ಸೋಫಾದ ಮೇಲೆ ರೆಕ್ಕೆ ಇತ್ತು, ರೆಕ್ಕೆಯ ಮೇಲೆ ದಿನಪತ್ರಿಕೆ ಇತ್ತು, ದಿನಪತ್ರಿಕೆಯ ಮೇಲೆ ಅತ್ತೆ.

ಒಣಕಡ್ಡಿ ಮುರಿದಂಥ ಸದ್ದು ಕೇಳಿದಾಗ ಮೇಷ್ಟ್ರು ಬಚ್ಚಲಲ್ಲಿ ಕನ್ನಡಿಯ ಮುಂದೆ ನಿಂತಿದ್ದರು. ಎಡಗೆನ್ನೆಯ ಕ್ಷೌರ ಮುಗಿದು ಬಲಗೆನ್ನೆಗೆ ಸೋಪು ಹಚ್ಚಿಯಾಗಿತ್ತು. ಹಾಗೇ ಹೊರಗೆ ಓಡಿ ಬಂದರು.

"ಏನಾಯ್ತು ಅತ್ತೆ?"

"ಏನೂ ಆಗಿಲ್ಲ ಅಳಿಯಂದಿರೇ, ಗಾಬರಿ ಆಗ್ಬೇಡಿ. ನನಗೆ ಪೆಟ್ಟಾಗಿಲ್ಲ."

ಮೇಷ್ಟ್ರು ಪತ್ರಿಕೆ ಎತ್ತಿ ನೋಡಿದರು. ತಿಂಗಳುಗಟ್ಟಲೆ ಉಜ್ಜಿ ನಯ ಮಾಡಿದ್ದ ಎಡ ರೆಕ್ಕೆ ನಟ್ಟನಡುವೆ ಮುರಿದು, ನಮಸ್ಕಾರ ಮಾಡುವವರ ಹಾಗೆ ಬಾಗಿಕೊಂಡಿತ್ತು.

ಮೇಷ್ಟ್ರು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು. ಬೀದಿಯವರು ಕರೆಯುವುದು ‘ರೆಕ್ಕೆ ಮೇಷ್ಟ್ರು’ ಎಂದು. ರಿಮೋಟಿನಲ್ಲಿ ಹಾರುವ ಪುಟ್ಟ ವಿಮಾನಗಳ ಪಂದ್ಯ ಅವರ ಹುಚ್ಚು. ಊರಾಚೆಯ ಬಯಲಿನಲ್ಲಿ ಮೂರು ಕಂಬ ನೆಟ್ಟು, ನಾಲ್ಕು ವಿಮಾನಗಳನ್ನು ಒಟ್ಟಿಗೆ ಬಿಡುತ್ತಾರೆ. ಕಂಬಗಳನ್ನು ಸುತ್ತಿ ಮೊದಲು ಬಂದವರು ಗೆದ್ದಂತೆ. ಮೇಷ್ಟ್ರು ಪ್ರತಿ ವರ್ಷವೂ ಹೆಸರು ಕೊಡುತ್ತಾರೆ. ಒಂದು ವರ್ಷ ಮೋಟಾರು ಕೈಕೊಟ್ಟಿತು. ಇನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಎರಡು ರೆಕ್ಕೆಗಳೂ ಎಡದ್ದೇ ಆಗಿದ್ದವು. ಹೋದ ವರ್ಷ, ಪಂದ್ಯದ ಹಿಂದಿನ ಸಂಜೆ ಪರೀಕ್ಷೆಗೆಂದು ಹಾರಿಸಿದ ವಿಮಾನ ಮರ ಸೇರಿತು; ಅದರಲ್ಲಿ ಈಗ ಕಾಗೆ ಸಂಸಾರ ಹೂಡಿದೆ.

ವಿಮಾನವಿಲ್ಲದೆ ಬಯಲಿಗೆ ಬಂದವರಿಗೆ ಕ್ಲಬ್ಬಿನ ಕಾರ್ಯದರ್ಶಿ ಒಂದು ಕೆಂಪು ಬಾವುಟ ಕೊಡುತ್ತಿದ್ದರು. ದೂರದ ಕಂಬದ ಬಳಿ ಬಿಸಿಲಲ್ಲಿ ನಿಂತು, ವಿಮಾನ ಕಂಬ ದಾಟಿದಾಗ ಅದನ್ನು ಕೆಳಗಿಳಿಸಬೇಕು. ಬರಬರುತ್ತ ಆ ಬಾವುಟ ಮೇಷ್ಟ್ರ ಮನೆಯ ಬೀರುವಿನಲ್ಲೇ ಉಳಿಯಿತು. ಈ ಸಲ ಕಾರ್ಯದರ್ಶಿ ನಗುತ್ತಲೇ ಹೇಳಿದ್ದರು: "ಈ ಸಲಾನೂ ಹಾರಿಸ್ಲಿಲ್ಲ ಅಂದ್ರೆ ನಿಮ್ಮನ್ನ ಬಾವುಟಕ್ಕೇ ಖಾಯಂ ಮಾಡಿಬಿಡ್ತೀವಿ ಸಾರ್. ನಿಮ್ಮಷ್ಟು ನಿಯತ್ತಾಗಿ ಹಿಡಿಯೋರು ಸಿಗಲ್ಲ."

ಹೊಗಳಿಕೆ ಇಷ್ಟು ನೋಯಿಸಬಲ್ಲದು ಎಂದು ಮೇಷ್ಟ್ರಿಗೆ ಅಂದು ಗೊತ್ತಾಯಿತು.

"ಪಂದ್ಯ ನಾಳೆ ತಾನೇ ರೀ?" ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಹೆಂಡತಿ ಬಾಗಿಲಿಗೆ ಬಂದಳು. ಮುರಿದ ರೆಕ್ಕೆಯನ್ನೊಮ್ಮೆ, ತಾಯಿಯನ್ನೊಮ್ಮೆ, ಗಂಡನ ಸೋಪಿನ ಕೆನ್ನೆಯನ್ನೊಮ್ಮೆ ನೋಡಿ ಒಳಗೆ ಹೋದಳು.

"ಇವತ್ತೇ ಇನ್ನೊಂದು ಮಾಡ್ತೀನಿ. ಒಂದೇ ತಾನೇ, ಎಡದ್ದು ಮಾತ್ರ" ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ.

ಮೊದಲು ಮಾಡಿದ ಕೆಲಸ, ಉಳಿದ ಬಲ ರೆಕ್ಕೆಯನ್ನು ಕಾಪಾಡಿದ್ದು. ಥರ್ಮಾಕೋಲಿನ ದಿಮ್ಮಿಯಿಂದ ರೆಕ್ಕೆಯನ್ನು ಕತ್ತರಿಸಿ ತೆಗೆದಾಗ ಮೇಲೊಂದು ಕೆಳಗೊಂದು ಚಿಪ್ಪು ಉಳಿಯುತ್ತದೆ. ರೆಕ್ಕೆಯ ಮೈಗೆ ಅಷ್ಟು ಸರಿಯಾಗಿ ಒಪ್ಪುವ ಹಾಸಿಗೆ ಬೇರೆ ಇಲ್ಲ. ಮೇಷ್ಟ್ರು ಬಲ ರೆಕ್ಕೆಯನ್ನು ಅದರದೇ ಚಿಪ್ಪುಗಳ ನಡುವೆ ಮಲಗಿಸಿ, ಟೇಪು ಸುತ್ತಿ, ಹಿಂದಿನ ರೂಮಿನಲ್ಲಿ ಇಟ್ಟರು. ಯಾರಿಗೂ ಹೇಳಲಿಲ್ಲ. ಹೇಳಿದರೆ ನೋಡಲು ಬರುತ್ತಾರೆ. ನೋಡಲು ಬಂದವರು ಕೂರುತ್ತಾರೆ.

ಆಮೇಲೆ ಹೊಸ ದಿಮ್ಮಿಯನ್ನು ಮೇಜಿನ ಮೇಲೆ ಇಟ್ಟು, ಅದರ ಎರಡು ತುದಿಗಳಿಗೆ ರೆಕ್ಕೆಯ ಆಕಾರದ ಅಲ್ಯೂಮಿನಿಯಂ ಅಚ್ಚುಗಳನ್ನು ಬಿಗಿದರು. ಇನ್ನು ಬಿಲ್ಲಿಗೆ ಕಟ್ಟಿದ ತಂತಿಗೆ ಕರೆಂಟು ಕೊಟ್ಟು ಕಾಯಿಸಿ, ಇಬ್ಬರು ಎರಡು ತುದಿಯಲ್ಲಿ ನಿಂತು, ಅಚ್ಚಿನ ಮೇಲೆ ಜಾರಿಸುತ್ತ ಎಳೆಯಬೇಕು. ಒಂದು ತುದಿಯ ಅಚ್ಚು ದೊಡ್ಡದು, ಇನ್ನೊಂದರದು ಚಿಕ್ಕದು. ಆದರೂ ಇಬ್ಬರೂ ಒಟ್ಟಿಗೆ ಕೊನೆ ಮುಟ್ಟಬೇಕು. ಅದಕ್ಕೇ ಎರಡೂ ಅಚ್ಚುಗಳ ಮೇಲೆ ಒಂದರಿಂದ ಹತ್ತರವರೆಗೆ ಗುರುತು. ಕೂಗಿಕೊಂಡು ಎಳೆಯಬೇಕು, ಮುಖ್ಯವಾಗಿ, ನಡುವೆ ನಿಲ್ಲಬಾರದು. ನಿಂತರೆ ಕಾದ ತಂತಿ ನಿಂತಲ್ಲೇ ಕೊರೆಯುತ್ತದೆ.

ಇಬ್ಬರು ಬೇಕು ಎಂಬುದೇ ಈ ಕಲೆಯ ದೊಡ್ಡ ದೋಷ.

"ಒಂದ್ನಿಮಿಷ ಬರ್ತೀಯೇನೇ?"

"ಇಸ್ತ್ರಿ ಮಾಡ್ತಿದೀನಿ" ಎಂದಿತು ಒಳಗಿನ ದನಿ.

ಅಷ್ಟರಲ್ಲಿ ಕೆಳಗಿನ ಮನೆಯ ನಿವೃತ್ತ ಸರ್ವೇಯರು ಮೆಟ್ಟಿಲು ಹತ್ತಿ ಬಂದೇಬಿಟ್ಟಿದ್ದರು. ಯಾರ ಮನೆಯಲ್ಲಿ ಏನು ಮುರಿದರೂ ಮೊದಲು ತಲುಪುವವರು ಅವರು. "ನಾನಿಲ್ವೇ ಮೇಷ್ಟ್ರೇ? ಮೂವತ್ತು ವರ್ಷ ಸರಪಳಿ ಎಳೆದ ಕೈ ಇದು. ಕೊಡಿ ಆ ಕಡೇದು."

ತಂತಿ ಕಾಯಿತು.

"ಒಂದು" ಎಂದರು ಮೇಷ್ಟ್ರು.

"ಒಂದು."

"ಎರಡು."

"ಒಂದೂಮುಕ್ಕಾಲು."

"ಮುಕ್ಕಾಲು ಗಿಕ್ಕಾಲು ಬೇಡ ಸಾರ್. ಎರಡಕ್ಕೆ ಎರಡು."

"ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು ಮೇಷ್ಟ್ರೇ. ಇಲ್ದಿದ್ರೆ ಊರಿಗೂರೇ ಪಕ್ಕದೂರಿಗೆ ಸೇರಿಹೋಗತ್ತೆ."

ಹೇಗೋ ಐದರವರೆಗೆ ಬಂದರು. ಆಗ ಬಾಗಿಲಲ್ಲಿ ಎದುರುಮನೆಯ ಟೈಲರು ಕಾಣಿಸಿಕೊಂಡರು, ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ.

"ಮೇಷ್ಟ್ರೇ, ಎಡದ್ದೇ ತಾನೇ ಮಾಡ್ತಿರೋದು? ಹುಷಾರು. ನಾನೊಂದ್ಸಲ ಮದುವೆ ಕೋಟಿಗೆ ಎರಡೂ ಎಡತೋಳು ಹೊಲಿದ್ದೆ. ಆ ಗಂಡು ಇವತ್ತಿಗೂ ನನ್ನ ಕಂಡ್ರೆ ಎಡಕ್ಕೇ ತಿರುಗಿ ಹೋಗ್ತಾನೆ."

"ಅಲ್ರೀ, ಕೊನೆಗೆ ಆ ಕೋಟು ಯಾರು ಹಾಕ್ಕೊಂಡ್ರು?" ಎಂದು ಸರ್ವೇಯರು ತಿರುಗಿ ನಿಂತರು.

ಅವರು ನಿಂತರು, ತಂತಿಯೂ ನಿಂತಿತು. ಸುಟ್ಟ ವಾಸನೆ ಎದ್ದಿತು. ಐದರ ಗುರುತಿನ ಬಳಿ ದಿಮ್ಮಿಯೊಳಗೆ ಇಲಿಯೊಂದು ನೆಮ್ಮದಿಯಾಗಿ ಬಾಳಬಹುದಾದಷ್ಟು ದೊಡ್ಡ ಬಿಲ ತಯಾರಾಗಿತ್ತು.

ಮೇಷ್ಟ್ರು ಸ್ವಿಚ್ಚು ಆರಿಸಿ ಕುರ್ಚಿಯಲ್ಲಿ ಕುಸಿದರು. ಬಲಗೆನ್ನೆಯ ಸೋಪು ಒಣಗಿ ಬಿರಿಯುತ್ತಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಬೆಳಗಿನ ತಿಂಡಿಗೆ ಮುಂಚೆ ಯಾರಿಗೂ ಇರುವುದಿಲ್ಲ. ಅವರಿಗೆ ತಿಂಡಿಯಾದ ಮೇಲೂ ಇರುತ್ತಿರಲಿಲ್ಲ.

"ಇನ್ನೊಂದು ದಿಮ್ಮಿ ಇದೆಯಾ?" ಎಂದು ಸರ್ವೇಯರು ವಿಷಾದದಿಂದ ಕೇಳಿದರು.

"ಒಂದೇ ಒಂದು ಇದೆ."

"ಬಿಡಿ, ನಾನು ಹಿಡೀತೀನಿ" ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಆ ಕಡೆ ನಿಂತಳು. ಊಟಕ್ಕೆ ಕರೆಯುವ ದನಿಯಲ್ಲೇ ಒಂದು, ಎರಡು, ಮೂರು ಎಂದು ಎಣಿಸಿದಳು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಅವಸರ ಮಾಡಲಿಲ್ಲ. ಮೇಲ್ಮೈ ಆಯಿತು, ಕೆಳಮೈ ಆಯಿತು. ಚಿಪ್ಪು ತೆಗೆದರೆ ಒಳಗೆ ಹೊಸ ರೆಕ್ಕೆ, ಬೆಣ್ಣೆಯಲ್ಲಿ ಕೊರೆದ ಹಾಗೆ.

"ಎಡ ತಾನೇ?" ಎಂದರು ಟೈಲರು.

ಮೇಷ್ಟ್ರಿಗೂ ಒಳಗೊಳಗೇ ಅದೇ ಭಯ. ಈ ರೆಕ್ಕೆಯ ಬೆನ್ನು ಉಬ್ಬು, ಹೊಟ್ಟೆ ಹೆಚ್ಚುಕಡಿಮೆ ಚಪ್ಪಟೆ. ಹಾಗಾಗಿ ಎಡದ್ದನ್ನು ಮಗುಚಿ ಬಲದ್ದು ಮಾಡಿಕೊಳ್ಳಲು ಬರುವುದಿಲ್ಲ. ಮುರಿದ ರೆಕ್ಕೆಯ ಪಕ್ಕದಲ್ಲಿ ಇಟ್ಟು ನೋಡಿದರು. ಟೈಲರು ಪಟ್ಟಿ ಹಿಡಿದು ನೋಡಿದರು. ಸರ್ವೇಯರು ಒಂದು ಕಣ್ಣು ಮುಚ್ಚಿ ನೋಡಿದರು. ಎಡವೇ, ಅನುಮಾನವಿಲ್ಲ.

ಇನ್ನುಳಿದದ್ದು ಹೊದಿಕೆ. ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆಗಳಿಗೆ ಅಂಟು ಸವರಿ, ರೆಕ್ಕೆಯ ಮೇಲೂ ಕೆಳಗೂ ಹೊದಿಸಿ, ಮತ್ತೆ ಚಿಪ್ಪುಗಳ ನಡುವೆ ಮಲಗಿಸಿ, ಮೇಲೊಂದು ಹಲಗೆ ಇಟ್ಟು ಭಾರ ಹೇರಬೇಕು. ಅಂಟು ಗಟ್ಟಿಯಾಗುವವರೆಗೆ ಭಾರ ಕದಲಬಾರದು. ಕದಲಿದರೆ ರೆಕ್ಕೆ ತಿರುಚಿಕೊಳ್ಳುತ್ತದೆ; ತಿರುಚಿದ ರೆಕ್ಕೆಯ ವಿಮಾನ ನೇರವಾಗಿ ಹೋಗುವುದು ಒಂದೇ ದಿಕ್ಕಿಗೆ, ಕೆಳಕ್ಕೆ.

ಮೇಷ್ಟ್ರು ಪಠ್ಯಪುಸ್ತಕಗಳನ್ನು ಪೇರಿಸಿದರು. ಸಾಲಲಿಲ್ಲ. ಸರ್ವೇಯರು ತಮ್ಮ ಹಳೆಯ ಕಬ್ಬಿಣದ ಪೆಟ್ಟಿಗೆ ತಂದು ಒಂದು ಬದಿಗೆ ಇಟ್ಟರು. ಹಲಗೆ ವಾಲಿತು. ಅದನ್ನು ಸರಿದೂಗಿಸಲು ಟೈಲರು ಇನ್ನೊಂದು ಬದಿಗೆ ಹೊಲಿಗೆ ಯಂತ್ರದ ತಲೆ ಇಟ್ಟರು. ಹಲಗೆ ಈಗ ಅತ್ತ ವಾಲಿತು. ಅಂಟು ಆಗಲೇ ಬಿಸಿಯಾಗಿ ಗಟ್ಟಿಯಾಗತೊಡಗಿತ್ತು. ಮೇಷ್ಟ್ರು ಎಲ್ಲವನ್ನೂ ಕೆಳಗಿಳಿಸಿ, ಎರಡೂ ಕೈಗಳಿಂದ ಹಲಗೆಯನ್ನು ಒತ್ತಿ ಹಿಡಿದು ನಿಂತರು.

"ನಮಗೆ ಬೇಕಾಗಿರೋದು" ಎಂದರು ಏದುಸಿರು ಬಿಡುತ್ತ, "ಒಂದೇ ಭಾರ. ಅಗಲವಾಗಿ, ಮೆತ್ತಗೆ, ಸಮನಾಗಿ ಕೂರಬೇಕು. ಕೂತ್ಮೇಲೆ ಅಲ್ಲಾಡಬಾರದು."

ಎಲ್ಲರ ಕಣ್ಣೂ ನಿಧಾನವಾಗಿ ಸೋಫಾದ ಕಡೆ ತಿರುಗಿತು.

"ಏನು?" ಎಂದರು ಅತ್ತೆ.

"ಅತ್ತೆ... ಸ್ವಲ್ಪ ಇಲ್ಲಿ ಬಂದು ಕೂತ್ಕೊಳ್ತೀರಾ?"

"ಬೆಳಿಗ್ಗೆ ಕೂತಿದ್ದಕ್ಕೆ ಮುಖ ಊದಿಸ್ಕೊಂಡ್ರಿ. ಈಗ ನೀವೇ ಕರೀತಿದೀರಿ."

"ಬೆಳಿಗ್ಗೆ ನೀವು ಕೂತ ರೀತಿ ಬೇರೆ ಅತ್ತೆ. ಈಗ ಕೆಳಗೆ ಚಿಪ್ಪಿದೆ, ಮೇಲೆ ಹಲಗೆ ಇದೆ. ನಿಮ್ಮ ಹಾಗೆ ಕೂರೋರು ಈ ಬೀದೀಲೇ ಇಲ್ಲ."

ಅತ್ತೆ ಕರಗಿದರು. ಸೀರೆ ಸರಿಮಾಡಿಕೊಂಡು ಎದ್ದು ಬಂದು ಮೇಜಿನ ಎತ್ತರ ನೋಡಿದರು. "ಇದರ ಮೇಲೆ ನಾನು ಹೇಗ್ರೀ ಹತ್ಲಿ? ಕಾಲಿಡೋಕೆ ಏನಾದ್ರೂ ಕೊಡಿ."

"ಟೈಲರ್ರೇ, ಹಿಂದಿನ ರೂಮಲ್ಲಿ ನೋಡಿ, ಏನಾದ್ರೂ ಇರತ್ತೆ. ಬೇಗ!" ಎಂದರು ಮೇಷ್ಟ್ರು, ಹಲಗೆಯಿಂದ ಕಣ್ಣು ತೆಗೆಯದೆ.

ಬೆನ್ನ ಹಿಂದೆ ಟೈಲರು ಹೋದದ್ದು, ಬಂದದ್ದು, ಬಣ್ಣದ ಡಬ್ಬಿಗಳೆರಡನ್ನು ಉರುಳಿಸಿ ತಂದು ನಿಲ್ಲಿಸಿದ್ದು, ಅವುಗಳ ಮೇಲೆ ಏನನ್ನೋ ಅಡ್ಡ ಹಾಕಿದ್ದು ಕೇಳಿಸಿತು. "ಮೇಲೊಂದು ಟವೆಲ್ ಹಾಸಿದೀನಿ ಅಮ್ಮ, ಕಾಲು ಜಾರಲ್ಲ."

ಅತ್ತೆ ಸರ್ವೇಯರ ಹೆಗಲು ಹಿಡಿದು ಕಾಲಿಟ್ಟರು. ಕಟಕ್ ಎಂದಿತು.

ಎಲ್ಲರೂ ಹಲಗೆಯ ಕಡೆ ನೋಡಿದರು.

"ನನ್ನ ಮಂಡಿ" ಎಂದರು ಅತ್ತೆ. "ಹತ್ತುವಾಗೆಲ್ಲ ಹಾಗೇ."

"ನಂದೂ ಅಷ್ಟೆ" ಎಂದು ಸರ್ವೇಯರು ಸಹಾನುಭೂತಿ ತೋರಿದರು.

ಅತ್ತೆ ಕೂತರು. ಅದೊಂದು ನೋಡಬೇಕಾದ ದೃಶ್ಯ. ಹಲಗೆ ಕೂದಲೆಳೆಯಷ್ಟೂ ವಾಲಲಿಲ್ಲ. ಕಾಲುಗಳನ್ನು ಟವೆಲಿನ ಮೇಲೆ ಇಳಿಬಿಟ್ಟು, ಎದುರಿನ ಗೋಡೆ ನೋಡುತ್ತ, ನಾಣ್ಯದ ಮೇಲಿನ ರಾಣಿಯ ಹಾಗೆ ಕೂತರು. ಊಟದ ತಟ್ಟೆ ಅಲ್ಲಿಗೇ ಬಂತು. ನೊಣ ಬಂದರೆ ಟೈಲರು ಓಡಿಸಿದರು. ಸೀನು ಬಂದಾಗ ಅತ್ತೆ ಮೂಗು ಹಿಡಿದುಕೊಂಡು ತಡೆದರು. ಅದನ್ನು ಕಂಡು ಮೇಷ್ಟ್ರ ಕಣ್ಣು ತೇವವಾಯಿತು. ಮದುವೆಯಾದಂದಿನಿಂದ ಇವತ್ತಿನವರೆಗೆ ಅವರಿಬ್ಬರ ನಡುವೆ ಇಷ್ಟು ಸೌಹಾರ್ದ ಇದ್ದದ್ದಿಲ್ಲ.

ಸಂಜೆಯ ಕಾಫಿಯ ಹೊತ್ತಿಗೆ ಅಂಟು ಕಲ್ಲಾಗಿತ್ತು. ಅತ್ತೆಯನ್ನು ಮೂವರು ಕೈಹಿಡಿದು ಇಳಿಸಿದರು. ಮೇಷ್ಟ್ರು ಹಲಗೆ ಎತ್ತಿದರು, ಚಿಪ್ಪು ಸರಿಸಿದರು, ರೆಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಚು ಇಲ್ಲ, ಗುಳ್ಳೆ ಇಲ್ಲ, ಸುಕ್ಕು ಇಲ್ಲ. ಇಷ್ಟು ಒಳ್ಳೆಯ ರೆಕ್ಕೆಯನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

"ಎಡ ತಾನೇ?"

"ಎಡವೇ ಕಣ್ರೀ ಟೈಲರ್ರೇ! ಎಡವೇ!"

"ನಾಳೆ ಗೆದ್ದರೆ ನನ್ನ ಹೆಸರೂ ಹೇಳ್ಬೇಕು" ಎಂದರು ಅತ್ತೆ, ಸೊಂಟ ನೀವಿಕೊಳ್ಳುತ್ತ.

"ಮೊದಲು ನಿಮ್ಮದೇ ಅತ್ತೆ. ಇರಿ, ಬಲದ್ದನ್ನ ತರ್ತೀನಿ. ಎರಡನ್ನೂ ಸೇರಿಸಿಬಿಟ್ರೆ ಮುಗೀತು."

ಮೇಷ್ಟ್ರು ಹಿಂದಿನ ರೂಮಿಗೆ ಹೋದರು. ಸಾಮಾನು ಎತ್ತಿಡುವ ಸದ್ದಾಯಿತು. ಆಮೇಲೆ ಸಣ್ಣ ದನಿಯೊಂದು ಕೇಳಿಸಿತು.

"ಇಲ್ಲೊಂದು ಬಿಳಿ ದಿಮ್ಮಿ ಇತ್ತಲ್ಲ, ಟೇಪು ಸುತ್ತಿದ್ದು... ಯಾರಾದ್ರೂ ನೋಡಿದ್ರಾ?"

ಟೈಲರು ಬಗ್ಗಿ, ಎರಡು ಬಣ್ಣದ ಡಬ್ಬಿಗಳ ಮೇಲಿದ್ದ ಟವೆಲನ್ನು ಮೆಲ್ಲಗೆ ಎಳೆದರು. ದಿಮ್ಮಿ ಮುದಿ ಕುದುರೆಯ ಬೆನ್ನಿನ ಹಾಗೆ ನಡುವೆ ಕುಸಿದಿತ್ತು.

ಮೇಷ್ಟ್ರು ಬಂದು ನೆಲದ ಮೇಲೆ ಕೂತು ಟೇಪು ಬಿಚ್ಚಿದರು. ಬಲ ರೆಕ್ಕೆ ನಟ್ಟನಡುವೆ ಮುರಿದು ಕೈಮುಗಿದುಕೊಂಡಿತ್ತು. ಸರ್ವೇಯರು ಬೆಳಗಿನ ಎಡ ರೆಕ್ಕೆಯನ್ನು ತಂದು ಪಕ್ಕಕ್ಕೆ ಹಿಡಿದರು.

"ಅದ್ಭುತ ಮೇಷ್ಟ್ರೇ. ಎರಡೂ ಒಂದೇ ಜಾಗಕ್ಕೆ ಮುರಿದಿವೆ!"

"ಈ ಸಲ ನನ್ನನ್ನ ಅನ್ಬೇಡಿ" ಎಂದರು ಅತ್ತೆ. "ನಾನು ಅದರ ಮೇಲೆ ಕೂತೇ ಇಲ್ಲ. ಬರೀ ಕಾಲಿಟ್ಟೆ ಅಷ್ಟೆ."

ಬೆಳಿಗ್ಗೆ ಮೇಷ್ಟ್ರ ಬಳಿ ಒಂದು ಬಲ ರೆಕ್ಕೆ ಇತ್ತು. ಇಡೀ ದಿನ ಬೀದಿಗೆ ಬೀದಿಯೇ ದುಡಿದ ಮೇಲೆ ಈಗ ಒಂದು ಎಡ ರೆಕ್ಕೆ ಇದೆ. ದಿಮ್ಮಿ ಇನ್ನು ಉಳಿದಿಲ್ಲ. ಉಳಿದದ್ದರಲ್ಲಿ ಇಲಿಯ ಬಿಲ ಇದೆ. ಅವರು ಕೈಯೆತ್ತಿ ಕೆನ್ನೆ ಸವರಿಕೊಂಡರು. ಎಡಗಡೆ ನುಣುಪು, ಬಲಗಡೆ ಒಣಗಿದ ಸೋಪು.

"ಲೇ..." ಎಂದರು ಹೆಂಡತಿಯ ಕಡೆ ನೋಡದೆ. "ಬೀರುವಿಂದ ಆ ಬಾವುಟ ತೆಗೆದು ಸ್ವಲ್ಪ ಇಸ್ತ್ರಿ..."

"ಮಾಡಿಟ್ಟಿದೀನಿ ರೀ" ಎಂದಳು ಹೆಂಡತಿ, ಕಾಫಿ ಲೋಟವನ್ನು ಅವರ ಪಕ್ಕದಲ್ಲಿ ಇಡುತ್ತ. "ಬೆಳಿಗ್ಗೆ ಅಮ್ಮ ಕೂತ ತಕ್ಷಣವೇ ಮಾಡಿಟ್ಟೆ."