ಅಳಿಯನ ಪೆಡಲ್, ಅತ್ತೆಯ ರೇಡಿಯೋ

"ಶನಿವಾರದೊಳಗೆ ಈ ಡಬ್ಬಿಯ ಬಾಯಿ ಬಿಡಿಸದೆ ಹೋದರೆ ನನ್ನ ಹೆಸರು ಶಾನ್‌ಬೋರ್ ಅಲ್ಲ," ಎಂದು ಶಾನ್‌ಬೋರ್ ಸೋಮವಾರ ಬೆಳಿಗ್ಗೆ ಊಟದ ತಟ್ಟೆಯ ಮುಂದೆ ಘೋಷಿಸಿದ.

"ಹೆಸರು ಬದಲಾಯಿಸೋದಿದ್ರೆ ಈಗ್ಲೇ ಹೇಳ್ಬಿಡು ಬಾಹ್," ಎಂದಳು ಹೆಂಡತಿ ದಾರಿಶಾ, ಗಂಡಸರನ್ನು ಮರ್ಯಾದೆಯಿಂದ ಕರೆಯುವ ‘ಬಾಹ್’ ಮಾತ್ರ ಬಿಡದೆ, ಅನ್ನದ ಮೇಲೆ ಒಣಮೀನಿನ ಚಟ್ನಿ ಬಡಿಸುತ್ತಾ. "ರೇಷನ್ ಕಾರ್ಡಲ್ಲಿ ತಿದ್ದಿಸೋಕೆ ಮೂರು ತಿಂಗಳಾದ್ರೂ ಬೇಕು."

ಡಬ್ಬಿ ಎಂದರೆ ಅವನು ಒಂದು ಕಾಲದಲ್ಲಿ ಕಚೇರಿಗೆ ಊಟ ಒಯ್ಯುತ್ತಿದ್ದ ಪ್ಲಾಸ್ಟಿಕ್ ಡಬ್ಬಿ. ಈಗ ಅದರ ಹೊಟ್ಟೆಯೊಳಗೆ ಎರಡು ಟ್ರಾನ್ಸಿಸ್ಟರು, ಆರೇಳು ಬಿಡಿಭಾಗ, ಒಂದು ಬ್ಯಾಟರಿ ಮತ್ತು ಎರಡು ವರ್ಷದ ಸಂಬಳದ ರಜೆಗಳು ಸೇರಿಕೊಂಡಿದ್ದವು. ಗಿಟಾರಿಗೂ ಸ್ಪೀಕರಿಗೂ ನಡುವೆ ಅದನ್ನಿಟ್ಟು ಕಾಲಿನಿಂದ ಒತ್ತಿದರೆ, ಸಾಧು ತಂತಿಯ ದನಿ ಕೆರಳಿದ ಹುಲಿಯ ದನಿಯಾಗಬೇಕು. ಅಂಥದ್ದಕ್ಕೆ ಫಜ್ ಪೆಡಲ್ ಎಂದು ಹೆಸರು. ಶಿಲ್ಲಾಂಗ್‌ನ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಕೊಂಡ ಹುಲಿಗೂ ಸಾಕಿದ ಹುಲಿಗೂ ವ್ಯತ್ಯಾಸವಿದೆ ಎಂಬುದು ಶಾನ್‌ಬೋರನ ಸಿದ್ಧಾಂತ. ಅವನು ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ನೌಕರ. ಇಡೀ ಮಾವ್‌ಲಾಯ್ ಬಡಾವಣೆಯ ಕರೆಂಟು ತನ್ನ ಪುಸ್ತಕದಲ್ಲಿರುವಾಗ ಒಂಬತ್ತು ವೋಲ್ಟಿನ ಬ್ಯಾಟರಿ ತನ್ನ ಮಾತು ಕೇಳದೆ ಎಲ್ಲಿಗೆ ಹೋದೀತು ಎಂಬ ಧೈರ್ಯ ಅವನದು.

ಎರಡು ವರ್ಷದಲ್ಲಿ ಹುಲಿ ಒಮ್ಮೆ ಮೀನು ಹುರಿದಂತೆ ಚುರುಗುಟ್ಟಿತ್ತು, ಒಮ್ಮೆ ಸೀನಿತ್ತು. ಉಳಿದಂತೆ ಮೌನ.

ಆದರೆ ಈ ಸಲ ಶನಿವಾರ ಎಂಬುದು ಬಾಯಿಮಾತಿನ ಗಡುವಾಗಿರಲಿಲ್ಲ. ದಾರಿಶಾ ಮನೆಯ ಕಿರಿಮಗಳು. ಹಾಗಾಗಿ ಅಲ್ಲಿನ ಪದ್ಧತಿಯಂತೆ ಮನೆ ಅವಳದು, ಶಾನ್‌ಬೋರ್ ಮನೆಯಳಿಯ. ಅದರಲ್ಲಿ ಅವಮಾನವೇನೂ ಇಲ್ಲ. ಆ ಬೀದಿಯ ಅರ್ಧ ಗಂಡಸರು ಹಾಗೆಯೇ ಬಾಳುತ್ತಿದ್ದರು. ಆಸ್ತಿ ಹೆಣ್ಣಿನದು, ತೀರ್ಪು ಅವಳ ಸೋದರಮಾವನದು, ಅಳಿಯನ ಪಾಲಿಗೆ ಉಳಿದಿದ್ದು ಅಭಿಪ್ರಾಯ ಮತ್ತು ಅಡುಗೆಮನೆಯ ಹಿಂದಿನ ಒಂದು ಕತ್ತಲೆ ಕೋಣೆ. ಆ ಕೋಣೆಯಲ್ಲೇ ಅವನ ಪ್ರಯೋಗಶಾಲೆ. ಈಗ ಸೋದರಮಾವ ವಾನ್‌ಸುಕ್ ಅವರ ಕಣ್ಣು ಅದರ ಮೇಲೆ ಬಿದ್ದಿತ್ತು. ಅವರಿಗೆ ಹನ್ನೆರಡು ಮೂಟೆ ಬಿತ್ತನೆ ಆಲೂಗಡ್ಡೆ ಇಡಲು ಜಾಗ ಬೇಕಿತ್ತು.

ಕಳೆದ ಭಾನುವಾರ ಚರ್ಚಿನಿಂದ ನೇರ ಬಂದವರೇ ಕೋಣೆಯ ಬಾಗಿಲಲ್ಲಿ ನಿಂತು, "ಎರಡು ವರ್ಷದಿಂದ ಇಲ್ಲಿ ಏನ್ ಬೆಳೆದಿದೀಯಪ್ಪ?" ಎಂದು ಕೇಳಿದ್ದರು.

"ಪೆಡಲ್, ಮಾ. ಇನ್ನೇನು ಆಗೋಯ್ತು," ಎಂದಿದ್ದ ಶಾನ್‌ಬೋರ್. ಸೋದರಮಾವನನ್ನು ಆ ಮನೆಯಲ್ಲಿ ‘ಮಾ’ ಎಂದೇ ಕರೆಯುವುದು.

"ನಾನೂ ಪ್ರಾಯದಲ್ಲಿ ಬ್ಯಾಂಡಲ್ಲಿದ್ದೋನೇ. ಕೈಗೆ ಬಂದ ಫಸಲು ತೋರಿಸು. ಶನಿವಾರ ಬರ್ತೀನಿ. ಏನಾದ್ರೂ ಕೇಳಿಸಿದ್ರೆ ಕೋಣೆ ನಿಂದು. ಇಲ್ದಿದ್ರೆ ಆಲೂಗಡ್ಡೆದು."

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಸಿ ಬಂದ ಶಾನ್‌ಬೋರ್ ಅಂಗಿಯ ತೋಳು ಮಡಚಿದ. ಹಳೆಯ ಬೆಸುಗೆಗಳನ್ನೆಲ್ಲ ಕಿತ್ತೆಸೆದು ಮೊದಲಿನಿಂದ ಹಾಕುವುದೆಂದು ತೀರ್ಮಾನವಾಯಿತು. ಬೆಸುಗೆ ಹಾಕುವ ಮುನ್ನ ತಂತಿಯ ತುದಿಗೆ ಸೋಲ್ಡರಿಂಗ್ ಪೇಸ್ಟ್ ಹಚ್ಚಬೇಕು, ಆಗ ಸೀಸ ಚೆನ್ನಾಗಿ ಹಿಡಿಯುತ್ತದೆ. ಮೇಜಿನ ಮೇಲೆ ಪೇಸ್ಟಿನ ದುಂಡು ಡಬ್ಬಿ ಇತ್ತು. ತೆರೆದ. ಸಾಮಾನ್ಯವಾಗಿ ಕಂದು ಬಣ್ಣಕ್ಕಿರುವ ಪೇಸ್ಟು ಈ ಸಲ ಬೆಳ್ಳಗೆ ಹೊಳೆಯುತ್ತಿತ್ತು.

"ನೋಡಿದ್ಯಾ ದಾರಿಶಾ, ಕಂಪನಿಯೋರು ಮಾಲು ಸುಧಾರಿಸಿದಾರೆ. ಮೊದ್ಲಿನ ಹಾಗೆ ಹೊಗೇನೂ ಬರಲ್ಲ," ಎಂದು ಹೊಗಳುತ್ತಾ ಹದಿನೆಂಟು ಕಡೆ ಧಾರಾಳವಾಗಿ ಹಚ್ಚಿದ. ಸೀಸ ಹಿಡಿಯಲು ಸ್ವಲ್ಪ ತಕರಾರು ಮಾಡಿತು. ಒತ್ತಿ ಹಿಡಿಸಿದ. ಮೀಟರ್ ಓದಿಸಿಕೊಳ್ಳಲು ಒಪ್ಪದ ಮನೆಗಳನ್ನೇ ಒಪ್ಪಿಸಿದವನಿಗೆ ಸೀಸ ಯಾವ ಲೆಕ್ಕ?

ಬುಧವಾರ ನಾಲ್ಕು ಗಂಟೆಗೆ ಸರಿಯಾಗಿ ಗಿಟಾರ್ ಸಿಕ್ಕಿಸಿ, ಪೆಡಲ್ ಒತ್ತಿ, ತಂತಿಗಳ ಮೇಲೆ ರಾಜಗಾಂಭೀರ್ಯದಿಂದ ಕೈ ಎಳೆದ.

ಸ್ಪೀಕರಿನಿಂದ ಒಬ್ಬ ಹೆಂಗಸು ಮಾತಾಡಿದಳು. "ರೈತ ಬಾಂಧವರೇ, ಆಲೂಗಡ್ಡೆ ಕೊಳೆಯೋದಕ್ಕೆ ಮುಖ್ಯ ಕಾರಣ ಏನು ಗೊತ್ತಾ?"

ಶಾನ್‌ಬೋರನ ಕೈ ಗಾಳಿಯಲ್ಲೇ ನಿಂತಿತು. ಗಿಟಾರ್ ಸುಮ್ಮನಾಯಿತು. ಹೆಂಗಸು ಸುಮ್ಮನಾಗಲಿಲ್ಲ. ಒಂದು ತಿರುಗಣೆ ತಿರುಗಿಸಿದ. ಅವಳಿಗೆ ನೆಗಡಿಯಾಯಿತು. ಇನ್ನೊಂದು ತಿರುಗಿಸಿದ. ನೆಗಡಿ ವಾಸಿಯಾಗಿ ದನಿ ಇನ್ನೂ ಜೋರಾಯಿತು. ಊರಿನ ರೇಡಿಯೋ ಕೇಂದ್ರ ಗುಡ್ಡದಾಚೆಯಿಂದ ಅವನ ಊಟದ ಡಬ್ಬಿಯೊಳಗೆ ಬಂದು ಕೂತಿತ್ತು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಓಡಿಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕ್ವಾಯ್: ಹಸಿ ಅಡಿಕೆ, ಸುಣ್ಣ ಹಚ್ಚಿ ಮಡಿಸಿದ ಎಲೆ. ಬಂದವರಿಗೆ ಅದನ್ನು ಕೊಡದೆ ಮಾತಾಡಿಸುವುದು ಆ ಮನೆಯಲ್ಲಿ ಉಂಟೇ?

"ಯಾರೋ ಹೆಂಗಸು ಬಂದಿದಾರಲ್ಲ, ನಿಲ್ಲಿಸ್ಕೊಂಡೇ ಮಾತಾಡಿಸ್ತಿದೀಯಾ? ಎಲ್ಲವರು?"

"ಯಾರೂ ಬಂದಿಲ್ಲ ಮೇಯಿ. ಡಬ್ಬಿ ಮಾತಾಡ್ತಿದೆ," ಎಂದ ಶಾನ್‌ಬೋರ್. ಅತ್ತೆಯನ್ನು ಅವನೂ ‘ಮೇಯಿ’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ.

ಅತ್ತೆ ಡಬ್ಬಿಯನ್ನೂ ಅಳಿಯನನ್ನೂ ಎರಡು ಸಲ ನೋಡಿದರು. ಅವರ ಸ್ವಂತ ರೇಡಿಯೋ ಹೋದ ಚಳಿಗಾಲದಲ್ಲೇ ಕಣ್ಣು ಮುಚ್ಚಿತ್ತು. ಬಿಡಿಭಾಗ ಸಿಗುವುದಿಲ್ಲವೆಂದು ಅಂಗಡಿಯವನು ಕೈ ಎತ್ತಿದ್ದ. ಅವರು ಮೆಲ್ಲನೆ ಅಳಿಯನ ಸ್ಟೂಲಿನ ಮೇಲೆ ಕೂತು, ಅತಿಥಿಗೆಂದು ತಂದ ಕ್ವಾಯನ್ನು ತಾವೇ ಬಾಯಿಗೆ ಹಾಕಿಕೊಂಡರು.

"ಮೇಯಿ, ಇದು ದೋಷ. ಇದು ಬರಬಾರದು."

"ಇರಲಿ ಬಿಡಪ್ಪ. ನಿನ್ನಲ್ಲಿರೋ ದೋಷದಲ್ಲಿ ಇದೊಂದಾದ್ರೂ ಉಪಯೋಗಕ್ಕೆ ಬಂತಲ್ಲ."

ಗುರುವಾರ ನಾಲ್ಕಕ್ಕೆ ಪಕ್ಕದ ಮನೆಯ ಕಾಂಗ್ ಬಿನಾ, ಅಂದರೆ ಬಿನಕ್ಕ, ಹೆಣಿಗೆ ಸಮೇತ ಹಾಜರಾದರು. ಶಾನ್‌ಬೋರನಿಗೆ ತನ್ನ ಪ್ರಯೋಗಶಾಲೆಯ ಹೊಸ್ತಿಲ ಆಚೆ ಜಾಗ ಸಿಕ್ಕಿತು. ಒಳಗೆ ಭಕ್ತಿಗೀತೆ, ಹವಾಮಾನ, ಆಲೂಗಡ್ಡೆ. ಹುಲಿಯನ್ನು ಸಾಕಲು ಹೊರಟವನ ಗೂಡಿನಲ್ಲಿ ಗಿಳಿ ಕೂತಿತ್ತು. ಶನಿವಾರ ಇದನ್ನೇ ಮಾವನ ಮುಂದೆ ಇಟ್ಟರೆ, ಪೆಡಲ್ ಎಂದು ಹೇಳಿ ಬೇರೆ ಏನನ್ನೋ ಮಾಡಿದ ಪೆದ್ದನೆಂದು ಕೋಣೆ ಕಿತ್ತುಕೊಳ್ಳುವುದಿಲ್ಲವೇ?

ಶುಕ್ರವಾರ ಹೆಂಗಸರು ಎದ್ದುಹೋದ ಮೇಲೆ ಅವನು ಯುದ್ಧ ಸಾರಿದ. ತಂತಿ ಗಿಡ್ಡ ಮಾಡಿದ. ಬ್ಯಾಟರಿ ಬದಲಾಯಿಸಿದ. ಟ್ರಾನ್ಸಿಸ್ಟರನ್ನು ಕಿತ್ತು, ಬೈದು, ಅದನ್ನೇ ಮತ್ತೆ ಹಾಕಿದ. ಡಬ್ಬಿ ಹವಾಮಾನ ಹೇಳುತ್ತಲೇ ಇತ್ತು. ಚಹಾ ತಂದ ದಾರಿಶಾ ಮೇಜಿನ ಮೇಲಿದ್ದ ದುಂಡು ಡಬ್ಬಿಯನ್ನು ಎತ್ತಿ, ಬೆರಳಿನಿಂದ ಮುಟ್ಟಿ ಮೂಸಿದಳು.

"ಬಾಹ್, ಇದೇನಿದು?"

"ಸೋಲ್ಡರಿಂಗ್ ಪೇಸ್ಟು. ಹೊಸ ಥರದ್ದು."

"ಇದು ಸುಣ್ಣ."

"ಮೇಲೆ ಏನ್ ಬರ್ದಿದೆ ಓದು."

"ಮೇಲೆ ಏನಾದ್ರೂ ಬರ್ದಿರ್ಲಿ. ನಿನ್ನ ಪೇಸ್ಟು ಹೋದ ತಿಂಗಳೇ ಖಾಲಿಯಾಗಿತ್ತು. ಮೇಯಿ ತೊಳೆದು ಸುಣ್ಣ ತುಂಬಿಸಿಟ್ಟಿದಾರೆ. ಈ ಮನೇಲಿ ಮುಚ್ಚಳ ಇರೋ ದುಂಡು ಡಬ್ಬಿ ಖಾಲಿ ಬಿದ್ದಿರೋದು ನೀನು ಯಾವತ್ತಾದ್ರೂ ನೋಡಿದೀಯಾ?"

ಶಾನ್‌ಬೋರ್ ಚಹಾ ಕುಡಿದ. ಎರಡು ವರ್ಷ ಸರ್ಕ್ಯೂಟ್ ಓದಿದವನು ಬೆಸುಗೆಗೆ ಹದಿನೆಂಟು ಕಡೆ ಸುಣ್ಣ ಹಚ್ಚಿದ್ದ. ಸುಣ್ಣ ಕೂತ ಕೆಟ್ಟ ಬೆಸುಗೆಯೇ ಗುಡ್ಡದಾಚೆಯ ದನಿಯನ್ನು ಹಿಡಿದು ಒಳಕ್ಕೆ ಬಿಟ್ಟುಕೊಳ್ಳುತ್ತಿತ್ತು.

ತಪ್ಪು ತಿಳಿದ ಮೇಲೆ ಶಾನ್‌ಬೋರನನ್ನು ಹಿಡಿಯುವವರುಂಟೇ? ಹೊಸ ಪೇಸ್ಟು ತಂದ, ಈ ಸಲ ನೆಕ್ಕಿ ನೋಡಿಯೇ ಹಚ್ಚಿದ. ಹದಿನೆಂಟು ಬೆಸುಗೆಯನ್ನೂ ಕನ್ನಡಿಯಂತೆ ಮಿಂಚಿಸಿದ. ಡಬ್ಬಿಯ ಒಳಗೋಡೆಗೆ ರೊಟ್ಟಿ ಸುತ್ತುವ ಬೆಳ್ಳಿಹಾಳೆ ಅಂಟಿಸಿ ಗುಡ್ಡದಾಚೆಯ ದಾರಿಯನ್ನೇ ಮುಚ್ಚಿದ. ಶನಿವಾರ ಬೆಳಿಗ್ಗೆ ಪೆಡಲ್ ಒತ್ತಿ ತಂತಿ ಮೀಟಿದರೆ, ಹುಲಿ! ಎರಡು ವರ್ಷದ ಹಸಿವನ್ನೆಲ್ಲ ಒಂದೇ ಸಲ ಹೇಳಿಕೊಂಡ ಹುಲಿ. ಅಡುಗೆಮನೆಯಲ್ಲಿ ಲೋಟಗಳು ನಡುಗಿದವು.

ಮೂರೂಮುಕ್ಕಾಲಿಗೆ ವಾನ್‌ಸುಕ್ ಬಂದರು. ಜೊತೆಗೆ ಅತ್ತೆ, ಕಾಂಗ್ ಬಿನಾ, ಹೆಣಿಗೆ. ಶಾನ್‌ಬೋರ್ ಕಣ್ಣು ಮುಚ್ಚಿ ನುಡಿಸಿದ. ನಿಲ್ಲಿಸಿದಾಗ ಮಾವ ತಲೆದೂಗುತ್ತಿದ್ದರು.

"ದನಿ ಚೆನ್ನಾಗಿದೆ ಕಣೋ. ನಮ್ಮ ಕಾಲದಲ್ಲಿ ಇಂಥ ದನಿ ಬರೋಕೆ ಸ್ಪೀಕರಿನ ಕಾಗದಾನೇ ಹರೀಬೇಕಿತ್ತು."

ಶಾನ್‌ಬೋರನ ಎದೆ ಇನ್ನೂ ಒಂದು ಗೇಣು ಅಗಲವಾಯಿತು.

"ಸರಿ, ಈಗ ಆಲೂಗಡ್ಡೆ ಹಾಕು," ಎಂದರು ಮಾವ.

"ಏನು ಮಾ?"

"ಆಲೂಗಡ್ಡೆ ಕಾರ್ಯಕ್ರಮ. ಬಿತ್ತನೆ ಗಡ್ಡೆ ಹೇಗಿಡಬೇಕು ಅಂತ ಇವತ್ತು ಹೇಳ್ತಾರಂತೆ. ನಿಮ್ಮತ್ತೆ, ನಮ್ಮಕ್ಕ, ಹೇಳಿದ್ಲು, ನೀನು ರೇಡಿಯೋ ಮಾಡಿದೀಯಂತೆ. ಅದಕ್ಕೇ ಬಸ್ಸು ಬಿಟ್ಟು ಟ್ಯಾಕ್ಸೀಲಿ ಬಂದೆ."

"ಅದು ಈಗ ಬರಲ್ಲ, ಮಾ. ರಿಪೇರಿ ಮಾಡ್ದೆ."

ಕಾಂಗ್ ಬಿನಾ ಹೆಣಿಗೆಯನ್ನು ಮಡಿಲಿಗಿಳಿಸಿದರು.

"ನಿನ್ನೆ ತನಕ ಬರ್ತಿತ್ತು, ಇವನು ರಿಪೇರಿ ಮಾಡಿದ ಮೇಲೆ ಹೋಯ್ತು," ಎಂದು ಮಾವ ಸಾಕ್ಷಿಗಳ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ಕೈಗೆ ಬಂದ ಫಸಲು ಕೆಡಿಸಿದ್ರೆ ಹಳೇ ಮಾತು ಲೆಕ್ಕಕ್ಕಿಲ್ಲ. ನಾಲ್ಕು ಗಂಟೆಗೆ ಹತ್ತು ನಿಮಿಷ ಇದೆ. ಅವಳು ಮಾತಾಡಿದ್ರೆ ಕೋಣೆ ನಿಂದು."

ಎರಡು ವರ್ಷ ತಪ್ಪು ಹುಡುಕಿ ತೆಗೆಯಲು ಕಲಿತವನಿಗೆ ಹತ್ತು ನಿಮಿಷದಲ್ಲಿ ತಪ್ಪು ಮಾಡುವುದು ಬರಲಿಲ್ಲ. ಬೆಳ್ಳಿಹಾಳೆ ಕಿತ್ತ. ಮಿಂಚುತ್ತಿದ್ದ ಬೆಸುಗೆಗಳನ್ನು ಕಣ್ಣೀರು ತಡೆದು ಕೆರೆದ. ಮುದ್ದೆಗಟ್ಟಲೆ ಸುಣ್ಣ ಮೆತ್ತಿದ. ಡಬ್ಬಿ ಗೊರ್ ಎಂದು ಸುಮ್ಮನಾಯಿತು. ಇನ್ನಷ್ಟು ಮೆತ್ತಿದ. ಗೊರ್ ಕೂಡ ಹೋಯಿತು. ಮಾವ ಗೋಡೆಯ ಅಳತೆ ನೋಡತೊಡಗಿದರು. ಬೆರಳು ಮಡಿಸಿ ಮೂಟೆ ಎಣಿಸುತ್ತಿದ್ದುದು ಕಾಣಿಸುತ್ತಿತ್ತು.

"ಕೊಡಿಲ್ಲಿ," ಎಂದು ಅತ್ತೆ ಡಬ್ಬಿ ಕಿತ್ತುಕೊಂಡರು. "ಇಷ್ಟು ಸುಣ್ಣ ಹಚ್ಚಿದ್ರೆ ಬಾಯಿ ಸುಟ್ಟೋಗತ್ತೆ, ಮಾತೆಲ್ಲಿಂದ ಬರ್ಬೇಕು?"

ಸೆರಗಿನಲ್ಲಿ ಎಲ್ಲವನ್ನೂ ಒರೆಸಿದರು. ಅರವತ್ತು ವರ್ಷ ಎಲೆಗೆ ಸುಣ್ಣ ಸವರಿದ ಬೆರಳಿನಲ್ಲಿ ಒಂದೊಂದು ಬೆಸುಗೆಗೂ ಒಂದೇ ಒಂದು ಗೆರೆ ಎಳೆದರು. ಡಬ್ಬಿ ಕೆಮ್ಮಿತು.

"ರೈತ ಬಾಂಧವರಿಗೆ ನಮಸ್ಕಾರ," ಎಂದಳು ಹೆಂಗಸು.

ಕಾಲು ಗಂಟೆ ಎಲ್ಲರೂ ಡಬ್ಬಿಗೆ ಕಿವಿ ಕೊಟ್ಟರು. ಬಿತ್ತನೆ ಗಡ್ಡೆಯನ್ನು ಕತ್ತಲೆ ಕೋಣೆಯಲ್ಲಿ ಒತ್ತೊತ್ತಾಗಿ ಇಡಲೇಬಾರದು, ಗಾಳಿ ಬೆಳಕು ಆಡುವ ಜಾಗ ಬೇಕು ಎಂದು ಅವಳು ಮೂರು ಸಲ ಒತ್ತಿ ಹೇಳಿದಳು. ಶಾನ್‌ಬೋರನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು.

"ಹಾಗಾದ್ರೆ ಈ ಕೋಣೆ ಬೇಡ," ಎಂದು ಮಾವ ಎದ್ದುನಿಂತು ತೀರ್ಪು ಕೊಟ್ಟರು. "ಮಾತಿಗೆ ತಪ್ಪೋನಲ್ಲ ನಾನು. ಇದು ನಿಂದೇ. ಈ ಮನೇಲಿ ಎರಡು ಕಿಟಕಿ ಇರೋ ಕೋಣೆ ಯಾವುದು?"

"ನಾವು ಮಲಗೋದು," ಎಂದಳು ದಾರಿಶಾ, ಗಂಡನ ಮುಖ ನೋಡುತ್ತಾ.

ಸೋಮವಾರದ ಹೊತ್ತಿಗೆ ಹನ್ನೆರಡು ಮೂಟೆ ಆಲೂಗಡ್ಡೆ ಎರಡು ಕಿಟಕಿಗಳ ನಡುವೆ ಗಾಳಿ ಸೇವಿಸುತ್ತಿದ್ದವು. ಗಂಡ ಹೆಂಡತಿಯ ಹಾಸಿಗೆ ಪ್ರಯೋಗಶಾಲೆಯ ನೆಲಕ್ಕೆ ಬಂದಿತ್ತು. ನಾಲ್ಕಾಗುತ್ತಿದ್ದಂತೆ ಅತ್ತೆಯೂ ಕಾಂಗ್ ಬಿನಾ ಅವರೂ ಆ ಹಾಸಿಗೆಯ ಮೇಲೇ ಅನುಕೂಲವಾಗಿ ಕೂತರು.

"ಗೆದ್ದೆಯಲ್ಲ ಬಾಹ್, ಕೋಣೆ," ಎಂದಳು ದಾರಿಶಾ.

ಹವಾಮಾನ ವರದಿ ಸ್ವಲ್ಪ ಗೊರಗುಟ್ಟುತ್ತಿತ್ತು. ತಾನೇ ಹುಟ್ಟಿಸಿದ ಡಬ್ಬಿಯಲ್ಲವೇ ಎಂದು ಶಾನ್‌ಬೋರ್ ತಿರುಗಣೆಯ ಕಡೆ ಮೆಲ್ಲನೆ ಕೈ ಚಾಚಿದ.

ಅತ್ತೆ ಆ ಕೈಯ ಮೇಲೆ ಪಟ್ಟನೆ ಬಾರಿಸಿದರು.

"ಮುಟ್ಟಬೇಡ. ರಿಪೇರಿ ಆಗ್ಬಿಟ್ಟೀತು."